ಬಾಯಿ ಮುಚ್ಚಿ ಉಸಿರಾಡಲು ಕಲಿತದ್ದು

ಮೊನ್ನೆ ನನ್ನ ಮಗಳು ಈಶಾಳ ಹೆಸರಿಗೆ ಒಂದು ಪಾರ್ಸೆಲ್ ಬಂತು. ಬಿಚ್ಚಿ ನೋಡಿದರೆ ಅಂಟುಪಟ್ಟಿ. ಗಾಯಕ್ಕೆ ಹಚ್ಚುವಂಥದ್ದಲ್ಲ, ಬಾಯಿಗೆ ಹಚ್ಚುವಂಥದ್ದು. ಮಲಗುವ ಮುಂಚೆ ತುಟಿಗಳ ಮೇಲೆ ಅಡ್ಡಲಾಗಿ ಅಂಟಿಸಿಕೊಂಡರೆ ಬಾಯಿ ತೆರೆಯುವುದಿಲ್ಲವಂತೆ, ಉಸಿರೆಲ್ಲ ಮೂಗಿನಿಂದಲೇ ಆಡುತ್ತದಂತೆ, ದವಡೆಗೆ ಒಳ್ಳೆಯ ಆಕಾರ ಬರುತ್ತದಂತೆ. ಹತ್ತನೇ ತರಗತಿಯ ಹುಡುಗಿ, ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ತರಿಸಿದ್ದಾಳೆ. ಡಾಕ್ಟರನ್ನು ಕೇಳದೆ ಇಂಥದ್ದನ್ನೆಲ್ಲ ಹಚ್ಚಿಕೊಳ್ಳಬಾರದು ಎಂದು ಡಬ್ಬಿಯನ್ನು ಕಪಾಟಿನ ಮೇಲಿಟ್ಟೆ. ಆದರೆ ನಿಜ ಹೇಳುತ್ತೇನೆ, ಇಟ್ಟಮೇಲೆ ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ. ಬಾಯಿ ಮುಚ್ಚಿಕೊಳ್ಳಲು ಅಂಗಡಿಯಿಂದ ಸಾಮಾನು ತರಿಸುವ ಕಾಲ ಬಂತಲ್ಲ! ನನಗೆ ಆ ಕೆಲಸವನ್ನು ನಾನು ಬೆಳೆದ ಇಡೀ ದೇವಳಾಲಿ ಕ್ಯಾಂಪು, ಬಾಯಿ ಮುಚ್ಚು ಎಂದು ಹೇಳಿ ಹೇಳಿ, ಪುಕ್ಕಟೆಯಾಗಿ ಮಾಡಿಕೊಟ್ಟಿತ್ತು.

ಈ ಮೂಗು ಬಾಯಿಗಳ ವಿಷಯ ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಹೇಳಿದ್ದೇನೆ. ನೀವು ಕೈಗೆ ಸಿಕ್ಕಿದ್ದೀರಿ, ನಿಮಗೂ ಹೇಳಿಬಿಡುತ್ತೇನೆ.

ನಾನು ಹುಟ್ಟಿ ಬೆಳೆದದ್ದು ನಾಶಿಕದ ಪಕ್ಕದ ಸೈನ್ಯದ ಊರು ದೇವಳಾಲಿ ಕ್ಯಾಂಪಿನಲ್ಲಿ. ಅಪ್ಪಯ್ಯ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು, ಹೋಟೆಲುಗಳಲ್ಲಿ ದುಡಿದು, ಕೊನೆಗೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ತನ್ನದೇ ಹೋಟೆಲು ಹಾಕಿದವರು. ಸೈನಿಕರು, ಅವರ ಹೆಂಡತಿ ಮಕ್ಕಳು, ರೈಲಿಗೆ ಕಾಯುವವರು ಎಲ್ಲರೂ ನಮ್ಮ ಗಿರಾಕಿಗಳೇ. ಎಲ್ಲರಿಗೂ ಅಪ್ಪಯ್ಯ ‘ಅಣ್ಣಾ’. ಅಮ್ಮ ಗಲ್ಲಾದ ಮೇಲೆ. ನಾನು ಬಾಗಿಲ ಬಳಿ, ಬಾಯಿ ತೆರೆದುಕೊಂಡು.

ತೆರೆದುಕೊಂಡು ಎಂದರೆ ಸದಾ ತೆರೆದುಕೊಂಡು. ನನ್ನ ಮೂಗು ಮುಖದ ಮೇಲೆ ಇತ್ತೇ ಹೊರತು ಅದರಿಂದ ಗಾಳಿಯ ಸಂಚಾರ ಇರಲಿಲ್ಲ. ಶಾಲೆಯ ಎಲ್ಲ ಫೋಟೋಗಳಲ್ಲೂ ನಾನು ಫೋಟೋಗ್ರಾಫರನಿಗೆ ಏನೋ ಕೇಳಲು ಹೊರಟವಳ ಹಾಗೆ ಕಾಣುತ್ತೇನೆ. ಬೆಳಗಿನ ಪ್ರಾರ್ಥನೆಯ ನಂತರ ಪಿ.ಟಿ. ಮಾಸ್ತರರು ದೀರ್ಘ ಉಸಿರು ತೆಗೆಸುತ್ತಿದ್ದರು. ಅವರು ಸೈನ್ಯದಿಂದ ನಿವೃತ್ತರಾಗಿ ಬಂದವರು. “ನಾಕ್ ಸೇ” ಎಂದು ಅವರು ಹೇಳಿದರೆ ಇಡೀ ಮೈದಾನ ಮೂಗಿನಿಂದ ಎಳೆಯುತ್ತಿತ್ತು. ನಾನು ಬಾಯಿ ಬಿಗಿ ಹಿಡಿದು, ಕಣ್ಣು ಹೊರಬರುವವರೆಗೆ ತಡೆದು, ಎಲ್ಲರೂ ಸದ್ದಿಲ್ಲದೆ ನಿಂತ ಹೊತ್ತಿಗೆ ನೀರಿನಿಂದ ಮೇಲೆದ್ದ ಎಮ್ಮೆಯ ಹಾಗೆ ಭುಸ್ಸೆಂದು ಬಾಯಿ ಬಿಡುತ್ತಿದ್ದೆ. ಊರಿಗೆ ಹೋದಾಗ ದೊಡ್ಡಮ್ಮನೊಬ್ಬರು ನನ್ನನ್ನು ಬಹಳ ಹೊತ್ತು ನೋಡಿ, ಈ ಹೆಣ್ಣಿಗೆ ಕಿವಿ ಸರಿಯಾಗಿ ಕೇಳುತ್ತದೆಯೇ ಎಂದು ಅಮ್ಮನನ್ನು ಕೇಳಿದ್ದರು. ಬಾಯಿ ತೆರೆದಿದ್ದರೆ ಜನಕ್ಕೆ ಬುದ್ಧಿಯೂ ಅಲ್ಲಿಂದಲೇ ಸೋರಿಹೋಗಿದೆ ಎಂಬ ಅನುಮಾನ.

ಬಾಯಿಯಿಂದ ಉಸಿರಾಡುವವರ ಕಷ್ಟ ಮೂಗಿನವರಿಗೆ ತಿಳಿಯುವುದಿಲ್ಲ. ಊಟಕ್ಕೆ ಕುಳಿತರೆ ಅಗಿಯುವುದೋ ಉಸಿರಾಡುವುದೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಎದ್ದರೆ ನಾಲಿಗೆ ಹಪ್ಪಳ. ನಾಶಿಕದ ಚಳಿಗಾಲದಲ್ಲಿ ಗಂಟಲಿಗೆ ನೇರವಾಗಿ ಐಸು. ಅಮ್ಮ ನೀಲಗಿರಿ ಎಣ್ಣೆ ಹಾಕಿದ ಬಿಸಿನೀರಿನ ಮುಂದೆ ಕಂಬಳಿ ಹೊದಿಸಿ ಕೂರಿಸುತ್ತಿದ್ದಳು. ಆ ಹೊತ್ತಿಗೆ ಒಂದಿಷ್ಟು ತೆರೆದು, ಕಂಬಳಿ ತೆಗೆದ ಕೂಡಲೇ ಮತ್ತೆ ಬಂದ್.

ಎಲ್ಲಕ್ಕಿಂತ ದೊಡ್ಡ ನಷ್ಟ ವಾಸನೆಯದ್ದು. ಫಿನಾಯಿಲಿನಂಥ ಒರಟು ವಾಸನೆ ಮಾತ್ರ ಹೇಗೋ ಒಳಗೆ ನುಗ್ಗುತ್ತಿತ್ತು. ಉಳಿದದ್ದೆಲ್ಲ ನನ್ನ ಪಾಲಿಗೆ ಜನರು ಆಡುವ ಮಾತು. ಹುಟ್ಟಿದ್ದೋ ಮೂಗಿನಿಂದಲೇ ಬದುಕುವ ಮನುಷ್ಯನ ಮನೆಯಲ್ಲಿ! ಒಲೆಯ ಮೇಲಿರುವ ಪಾತ್ರೆಗೆ ಸೌಟು ಹಾಕಿ ರುಚಿ ನೋಡಿದರೆ ಎಂಜಲಾಯಿತು ಎಂಬುದು ಅಪ್ಪಯ್ಯನ ನಿಯಮ. ಅಡುಗೆಮನೆಯಲ್ಲಿ ಅವರು ಎಂದೂ ಏನನ್ನೂ ಬಾಯಿಗೆ ಹಾಕಿದವರಲ್ಲ. ಎಲ್ಲ ಮೂಗಿನಲ್ಲೇ. ಹಿಟ್ಟು ಹುಳಿ ಬಂದಿದೆಯೋ, ಉಪ್ಪು ಬಿದ್ದಿದೆಯೋ, ಎಣ್ಣೆ ಬದಲಿಸಬೇಕೋ ಎಂಬುದನ್ನೆಲ್ಲ ಹೊರಗೆ ಗಿರಾಕಿಯ ಜೊತೆ ಮಾತಾಡುತ್ತ ನಿಂತಲ್ಲಿಂದಲೇ ಹೇಳುತ್ತಿದ್ದರು. ಉಪ್ಪಿಗೆ ವಾಸನೆ ಎಲ್ಲಿಯದು ಎಂದು ನಾನು ದೊಡ್ಡವಳಾದ ಮೇಲೆ ಕೇಳಿದ್ದೇನೆ. ಕುದಿಯುವ ವಾಸನೆಯೇ ಬದಲಾಗುತ್ತದೆ ಎಂದಿದ್ದರು. ಒಮ್ಮೆ ನನ್ನನ್ನು ಒಗ್ಗರಣೆಯ ಮುಂದೆ ನಿಲ್ಲಿಸಿ ಹೊರಗೆ ಹೋಗಿ ಬಂದರು. ಒಗ್ಗರಣೆ ಸುಟ್ಟು ಇಂಗಾಲವಾಗಿತ್ತು, ನಾನು ಅದರ ಮುಂದೆ ಬಾಯಿ ತೆರೆದು ನಿಂತಿದ್ದೆ. ಬೈಯಲಿಲ್ಲ. ನೀನು ಗಲ್ಲಾದಲ್ಲಿ ಅಮ್ಮನ ಹತ್ತಿರ ಕೂತುಕೋ ಎಂದರು. ಆಮೇಲೆ ಅಡುಗೆಮನೆಗೆ ಕರೆಯಲಿಲ್ಲ.

ಮದುವೆಯಾಗಿ ಬಂದದ್ದು ಈಗಿನ ಛತ್ರಪತಿ ಸಂಭಾಜಿನಗರಕ್ಕೆ. ಗಂಡನ ಕಡೆಯವರು ಬೀದರಿನವರು. ಗಂಡ ವಾಳೂಜಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು, ನಾನು ಅಲ್ಲೇ ಇನ್ನೊಂದರ ಆಫೀಸಿನಲ್ಲಿ. ಮನೆಯಲ್ಲಿ ಎರಡು ಕನ್ನಡ. ಅತ್ತೆಯ ಕನ್ನಡ ನನಗೆ, ನನ್ನ ಕನ್ನಡ ಅತ್ತೆಗೆ ಅರ್ಥವಾಗದಿದ್ದಾಗ ಮರಾಠಿ ನಡುವೆ ಬಂದು ರಾಜಿ ಮಾಡಿಸುತ್ತದೆ. ಈಶಾ ಎರಡನ್ನೂ ಅರ್ಥ ಮಾಡಿಕೊಂಡು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ.

ನನ್ನ ಮೂಗಿನ ಭಾಗ್ಯದ ಬಾಗಿಲು ತೆರೆದವರು ಈ ಅತ್ತೆಯೇ. ಹೋದ ವರ್ಷ ಅವರು ಬೆಳಿಗ್ಗೆ ಗಾರ್ಡನ್ನಿಗೆ ಯೋಗದ ಗುಂಪಿಗೆ ಹೋಗಲು ಶುರುಮಾಡಿದರು. ಅಲ್ಲಿ ಕಲಿತದ್ದನ್ನು ಮನೆಯಲ್ಲಿ ನಮಗೆಲ್ಲ ಮಾಡಿಸುವುದು. ಒಂದು ಹೊಳ್ಳೆ ಮುಚ್ಚಿ ಇನ್ನೊಂದರಿಂದ ಎಳೆಯಬೇಕು. ನಾನು ಒಂದನ್ನು ಮುಚ್ಚಿದೆ, ಬಾಯಿ ತೆರೆಯಿತು. ಇನ್ನೊಂದನ್ನು ಮುಚ್ಚಿದೆ, ಆಗಲೂ ತೆರೆಯಿತು. ಅತ್ತೆ ಎದ್ದು ಹೋಗಿ ಸ್ಟೀಲಿನ ಮುಚ್ಚಳ ತಂದು ನನ್ನ ಮೂಗಿನ ಕೆಳಗೆ ಹಿಡಿದರು. ಉಸಿರು ತಾಗಿದರೆ ಸ್ಟೀಲು ಮಸುಕಾಗಬೇಕು. ಫಳಫಳ ಹೊಳೆಯುತ್ತಲೇ ಇತ್ತು.

“ನಿನ್ನ ಮೂಗ ಬರೇ ನತ್ತು ಇಟ್ಕೊಳ್ಳಾಕ ಅದ ಏನು?” ಎಂದರು ಅತ್ತೆ. “ಇಷ್ಟ ವರ್ಷ ಸುಮ್ಮ್ ಕುಂತೀಯಲ್ಲ. ನಡಿ, ಡಾಕ್ಟರ್‌ಕಡೆ ಹೋಗಮು.”

ನಾನು ಹುಟ್ಟಿನಿಂದ ಹೀಗೇ, ಅಭ್ಯಾಸವಾಗಿದೆ ಎಂದೆ. ಅವರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಡಾಕ್ಟರು ಮೂಗಿನೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ಪರದೆಯ ಮೇಲೆ ತೋರಿಸಿದರು. ನಡುಗೋಡೆ ಹುಟ್ಟಿನಿಂದಲೇ ಒಂದು ಕಡೆಗೆ ವಾಲಿತ್ತು. ಅಲರ್ಜಿಯಿಂದ ಒಳಗೆಲ್ಲ ಊತ. ಜೊತೆಗೆ ವರ್ಷಗಟ್ಟಲೆ ಬೆಳೆದ ತಿಳಿಬಣ್ಣದ ಗುಳ್ಳೆಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ನನ್ನದು ದ್ರಾಕ್ಷಿಯ ಊರು ನಾಶಿಕ ಎಂದು ತಿಳಿದಮೇಲೆ ಅವರು, ಅದಕ್ಕೇ ದ್ರಾಕ್ಷಿ ಬೆಳೆದಿದೆ ಎಂದು ನಕ್ಕರು. ಅತ್ತೆ ನಗಲಿಲ್ಲ. ಯಾವತ್ತು ತೆಗೆಯುತ್ತೀರಿ ಎಂದು ಕೇಳಿದರು.

ಚಳಿಗಾಲದಲ್ಲಿ ಆಪರೇಶನ್ ಆಯಿತು. ಮೂಗಿನಲ್ಲಿ ತುರುಕಿದ್ದ ಪಟ್ಟಿಯನ್ನು ಡಾಕ್ಟರು ತೆಗೆದ ಆ ಗಳಿಗೆಯನ್ನು ಹೇಗೆ ಹೇಳಲಿ! ಬಾಯಿ ಮುಚ್ಚಿ ಎಳೆಯಿರಿ ಎಂದರು. ಮುಚ್ಚಿದೆ, ಎಳೆದೆ. ತಣ್ಣನೆಯ ಗಾಳಿ ಹುಬ್ಬುಗಳ ಹಿಂದೆ ಎಲ್ಲೋ ಹತ್ತಿ, ಇಳಿದು, ಎದೆ ತುಂಬಿತು. ಇಷ್ಟು ಸುಲಭವೇ ಇದು? ನೀವೆಲ್ಲ ದಿನವಿಡೀ ಹೀಗೆ ಆರಾಮಾಗಿ ಉಸಿರಾಡುತ್ತ ಒಂದು ಮಾತೂ ಹೇಳಲಿಲ್ಲವಲ್ಲ ನನಗೆ? ಮನೆಗೆ ಬರುವಾಗ ರಿಕ್ಷಾದಲ್ಲಿ ಬಾಯಿ ಬಿಗಿಹಿಡಿದು ಕುಳಿತ ನನ್ನನ್ನು ನೋಡಿ ಗಂಡನಿಗೆ ಗಾಬರಿ. ಸಿಟ್ಟು ಬಂದಿದೆಯೇ ಎಂದು ಮೂರು ಸಲ ಕೇಳಿದರು.

ವಾಸನೆ ಬರಲು ಇನ್ನೂ ಕೆಲವು ವಾರ ಹಿಡಿಯಿತು. ಬಂದದ್ದು ಮಾತ್ರ ಒಟ್ಟೊಟ್ಟಿಗೆ, ಬಾಗಿಲು ತೆರೆದ ಲೋಕಲ್ ರೈಲಿನಿಂದ ಜನ ಇಳಿದಂತೆ. ಅತ್ತೆಯ ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬುವ ವಾಸನೆ. ಗಂಡನ ಅಂಗಿಯ ಯಂತ್ರದೆಣ್ಣೆ. ವಾಳೂಜಿಗೆ ಹೋಗುವ ದಾರಿಯಲ್ಲಿ ಹೊಸ ರಬ್ಬರು, ಬಣ್ಣ, ಕಾದ ಕಬ್ಬಿಣ. ಜನ ಮೂಗು ಮುಚ್ಚಿಕೊಳ್ಳುವ ಕಡೆಯಲ್ಲೆಲ್ಲ ನಾನು ರಿಕ್ಷಾದಿಂದ ತಲೆ ಹೊರಗೆ ಹಾಕಿದೆ. ಬಟ್ಟೆ, ಪುಸ್ತಕ, ದಿಂಬು, ಒದ್ದೆ ಮಣ್ಣು ಯಾವುದನ್ನೂ ಬಿಡಲಿಲ್ಲ. ಒಂದು ಸಂಜೆ ಓದುತ್ತ ಕುಳಿತ ಈಶಾಳ ಹಿಂದೆ ಹೋಗಿ ಅವಳ ನೆತ್ತಿಗೆ ಮೂಗಿಟ್ಟು ಎಳೆದೆ.

“ಅಗ ಆಯೀ, ಕಾಯ್ ಕರ್ತೇಸ್?” ಏನಮ್ಮಾ ಮಾಡ್ತಿದ್ದೀ ಎಂದು ತಲೆ ಕೊಡವಿದಳು.

ನಾನು ಬಿಡಲಿಲ್ಲ. ಎಳೆಗೂಸಿನ ತಲೆಯ ವಾಸನೆ ಎಂದರೆ ಅದು ಬೇರೆಯೇ ಎಂದು ಅವಳು ಹುಟ್ಟಿದಾಗ ಮನೆಗೆ ಬಂದ ಹೆಂಗಸರೆಲ್ಲ ಹೇಳಿದ್ದರು. ಎತ್ತಿಕೊಂಡವರೆಲ್ಲ ಮೂಸಿ ಕಣ್ಣು ಮುಚ್ಚುತ್ತಿದ್ದರು. ಹೆತ್ತ ನನಗೆ ಅದು ಗೊತ್ತೇ ಆಗಿರಲಿಲ್ಲ. ಈಗ ಸಿಕ್ಕಿದ್ದು ಶಾಂಪೂ, ಬೆವರು, ಪೆನ್ಸಿಲು. ಇರಲಿ, ನನ್ನ ಮಗಳದ್ದಲ್ಲವೇ. ಕಣ್ಣು ತುಂಬಿ ಬಂತು. ಅದನ್ನು ಕಂಡ ಮೇಲೆ ಅವಳೂ ಸುಮ್ಮನೆ ತಲೆ ಕೊಟ್ಟು ಕುಳಿತಳು.

ಆ ವಾರವೇ ನಾಶಿಕಕ್ಕೆ ಹೊರಟೆ. ಕಾರಣ ಒಂದೇ, ಅಪ್ಪಯ್ಯನ ಸಾಂಬಾರಿನ ವಾಸನೆ. ಬಸ್ಸಿನ ಕಿಟಕಿಗೆ ಮೂಗು ಇಟ್ಟು ಕುಳಿತೆ. ಯೇವಲೆಯ ಹತ್ತಿರ ಈರುಳ್ಳಿ, ನಿಫಾಡ ಬರುತ್ತಿದ್ದಂತೆ ದ್ರಾಕ್ಷಿ ತೋಟಗಳಿಗೆ ಹೊಡೆದ ಔಷಧಿ. ಪಕ್ಕದ ಹೆಂಗಸು ನನಗೆ ವಾಂತಿ ಬರುತ್ತಿದೆ ಎಂದುಕೊಂಡು ಪಾಪ, ಚೀಲದಿಂದ ನಿಂಬೆಹಣ್ಣು ತೆಗೆದುಕೊಟ್ಟಳು. ಅದನ್ನೂ ಮೂಸಿದೆ.

ಹೋಟೆಲಿನೊಳಗೆ ಕಾಲಿಟ್ಟವಳೇ ಅಡುಗೆಮನೆಗೆ ನಡೆದೆ. ಅಪ್ಪಯ್ಯ ಬಾಣಲೆಯಲ್ಲಿ ಮಸಾಲೆ ಹುರಿಯುತ್ತಿದ್ದರು. ಗಾಢವಾದ, ಗಂಟಲು ಕೆರೆಯುವ ವಾಸನೆ. ಅಪ್ಪಯ್ಯಾ, ಎಷ್ಟು ಚೆನ್ನಾಗಿದೆ ಎಂದೆ. ಅವರ ಮುಖ ಅರಳಿತು. ಹೌದಾ ಎಂದು ಎರಡು ಸಲ ಕೇಳಿದರು. ಆದರೆ ಹೊರಗೆ ಬಂದು ನೋಡಿದರೆ ಮೇಜುಗಳ ಮೇಲೆ ಇಡ್ಲಿಯ ತಟ್ಟೆ ಖಾಲಿ, ಸಾಂಬಾರಿನ ಬಟ್ಟಲು ತುಂಬಿದ ಹಾಗೇ ಇತ್ತು. ಗಲ್ಲಾದಲ್ಲಿದ್ದ ಅಮ್ಮ ದನಿ ತಗ್ಗಿಸಿ, ಮಳೆಗಾಲ ಮುಗಿದಾಗಿನಿಂದ ಹೀಗೇ, ಒಂದು ದಿನ ಕರಕು, ಒಂದು ದಿನ ಹಸಿ ಎಂದಳು. ಆಗ ಹೊಳೆಯಿತು. ನಾನು ಹೊಗಳಿದ್ದು ಸೀದ ಮಸಾಲೆಯನ್ನು! ಸರಿಯಾದದ್ದು ಹೇಗಿರುತ್ತದೆ ಎಂದು ನನಗೆ ಗೊತ್ತಿದ್ದರೆ ತಾನೆ.

ಮತ್ತೆ ಒಳಗೆ ಹೋದೆ. ಈ ಸಲ ಇನ್ನೊಂದು ವಾಸನೆ ಇತ್ತು. ಸಿಹಿ, ಅದರೊಳಗೆ ಒಂದು ಕಹಿ. ಅಪ್ಪಯ್ಯ ಹಾಲಿನ ಪಾತ್ರೆಯ ಪಕ್ಕದಲ್ಲೇ ನಿಂತು ತೆಂಗಿನಕಾಯಿ ತುರಿಯುತ್ತಿದ್ದರು.

“ಇದೆಂತ ವಾಸನೆ ಅಪ್ಪಯ್ಯಾ?”

“ಯಾವ್ದ್ ಮಗಾ?”

ಪಾತ್ರೆಯ ಅಂಚಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ತಳ ಹಿಡಿದಿತ್ತು. ನಾನು ಗ್ಯಾಸು ಆರಿಸಿದೆ. ಅಪ್ಪಯ್ಯ ಹಾಲನ್ನು ನೋಡಿದರು, ನನ್ನನ್ನು ನೋಡಿದರು, ಕಾಯಿಯ ಹೋಳನ್ನು ಕೆಳಗಿಟ್ಟರು.

“ಜ್ವರ ಬಂದಿತ್ತಲ್ಲ, ಅದ್ರ ಒಟ್ಟಿಗೇ ಹೋಯ್ತ್,” ಎಂದರು. “ಎಂತದೂ ಬತ್ತಿಲ್ಲೆ. ಇಂಗ್ ಮೂಗಿಗೆ ಹಿಡ್ಕಂಡ್ರೂ ಬತ್ತಿಲ್ಲೆ. ಅಮ್ಮಂಗೆ ಹೇಳ್ಬೇಡ.”

ಬಣ್ಣ ನೋಡಿ, ಅಂದಾಜು ಹಿಡಿದು ಇಷ್ಟು ದಿನ ತಳ್ಳಿದ್ದರು. ಈಗ ಒಂದು ದೊಡ್ಡ ಊಟ ಒಪ್ಪಿಕೊಂಡಿದ್ದರು. ಜಾಧವ ಸುಬೇದಾರರು ಎಂದು ನಮ್ಮ ಹಳೆಯ ಗಿರಾಕಿ, ನಿವೃತ್ತರು. ಅವರ ಜೊತೆ ಸೈನ್ಯದಲ್ಲಿದ್ದವರೆಲ್ಲ ಊರೂರುಗಳಿಂದ ಬಂದು ಮರುದಿನ ಮಧ್ಯಾಹ್ನ ನಮ್ಮಲ್ಲೇ ಸೇರುವವರಿದ್ದರು. ಎಲ್ಲರಿಗೂ ಅಣ್ಣನ ಸಾಂಬಾರೇ ಬೇಕಂತೆ. ಅದೊಂದನ್ನು ಹೇಗಾದರೂ ಮುಗಿಸಿ ಹೋಟೆಲಿನ ಬಾಗಿಲು ಹಾಕುವುದೆಂದು ಅಪ್ಪಯ್ಯ ನಿಶ್ಚಯಿಸಿದ್ದರು. ಇದನ್ನೆಲ್ಲ ಸೊಪ್ಪಿನ ಬೆಲೆ ಹೇಳುವಷ್ಟು ಸಲೀಸಾಗಿ ಹೇಳಿದರು. ನನಗೆ ಉಸಿರು ಕಟ್ಟಿತು, ತೆರೆದ ಮೂಗಿದ್ದೂ.

ನಾಳೆ ನಾನು ಮೂಸುತ್ತೇನೆ, ನೀವು ಮಾಡಿ ಎಂದೆ. ಅವರು ನಕ್ಕರು. ಸೀದದ್ದನ್ನು ಚೆನ್ನಾಗಿದೆ ಎಂದವಳು ನಾನು. ಆದರೆ ಬೇರೆ ಮೂಗು ಎಲ್ಲಿಂದ ತರುವುದು? ಗುಟ್ಟು ಅಮ್ಮನಿಗೆ ತಿಳಿಯಬಾರದಲ್ಲ.

ಮರುದಿನ ಬೆಳಿಗ್ಗೆ ನಾವಿಬ್ಬರೇ ಒಲೆಯ ಮುಂದೆ. ಅಪ್ಪಯ್ಯ ಕೊತ್ತಂಬರಿ ಬೀಜ ಬಾಣಲೆಗೆ ಹಾಕಿ ಸೌಟನ್ನು ನನ್ನ ಕೈಗೆ ಕೊಟ್ಟರು. ಏನು ಬರುತ್ತಿದೆ ಹೇಳು ಎಂದರು. ನನಗೆ ಪದಗಳೇ ಇಲ್ಲ! ಎಲ್ಲ ವಾಸನೆಗಳೂ ನನಗೆ ಆ ತಿಂಗಳಷ್ಟೇ ಪರಿಚಯವಾಗಿದ್ದವು. ಹೊಸ ಪುಸ್ತಕದ ಹಾಗೆ ಎಂದೆ. ಅಂದರೆ ಹಸಿ, ಕೈ ಬಿಡಬೇಡ ಎಂದರು. ಬಿಸಿಲಿಗೆ ಹಾಕಿದ ಹಾಸಿಗೆಯ ಹಾಗೆ ಎಂದೆ. ಇನ್ನೂ ಇದೆ ಎಂದರು. ಬಿಸ್ಕತ್ತಿನ ಅಂಗಡಿ ಎಂದೆ. “ಹಾಂ, ಇಳ್ಸ್” ಎಂದು ಅವರೇ ಬಟ್ಟೆ ಹಿಡಿದು ಬಾಣಲೆ ಇಳಿಸಿದರು. ಇಂಗು ಎಣ್ಣೆಗೆ ಬಿದ್ದಾಗ ನಾನು ಸಂಕೋಚಪಟ್ಟುಕೊಂಡು, ಇವರು ಕಾರ್ಖಾನೆಯಿಂದ ಬಂದು ಬಿಚ್ಚಿಟ್ಟ ಸಾಕ್ಸಿನ ಹಾಗೆ ಎಂದೆ. “ಅದೇ. ಸರಿ ಇತ್ತ್” ಎಂದರು ಅಪ್ಪಯ್ಯ, ಅಳಿಯನ ಬಗ್ಗೆ ಹೆಚ್ಚು ವಿಚಾರಿಸದೆ.

ಎಂಥ ಬೆಳಗು ಅದು! ಅವರ ತಲೆಯೊಳಗೆ ಎಲ್ಲ ವಾಸನೆಗಳೂ ಹೆಸರು ಹಚ್ಚಿಕೊಂಡು ಸಾಲಾಗಿ ಕುಳಿತಿದ್ದವು. ನಾನು ಒಂದು ತಪ್ಪು ಮಾತು ಹೇಳಿದರೂ ಅದಲ್ಲ, ಇನ್ನೊಮ್ಮೆ ಎಳೆ ಎನ್ನುತ್ತಿದ್ದರು. ಬಾಯಿ ಮುಚ್ಚಿಕೊಂಡು, ನಿಧಾನಕ್ಕೆ, ಸ್ವಲ್ಪ ಸ್ವಲ್ಪ. ಮೂಗಿನಿಂದ ಉಸಿರಾಡುವುದಕ್ಕೂ ಮೂಸುವುದಕ್ಕೂ ವ್ಯತ್ಯಾಸ ಇದೆ ಎಂದು ನನಗೆ ಆವತ್ತು ತಿಳಿಯಿತು. ಅಗಲವಾಗಿ ಎಳೆದರೆ ಎಲ್ಲ ಕಲಸಿಹೋಗುತ್ತದೆ. ಬೆಕ್ಕಿನ ಹಾಗೆ ಚೂರು ಚೂರೇ ಎಳೆಯಬೇಕು.

ಮೆಣಸಿನಕಾಯಿಯ ಸರದಿ ಬಂದಾಗ ತಕರಾರಾಯಿತು. ಹುರಿಯುತ್ತಿದ್ದ ಅಪ್ಪಯ್ಯನಿಗೆ ಬಣ್ಣ ಸಾಲದು ಅನಿಸಿತ್ತು. ನನ್ನ ಮೂಗಿಗೆ ನಿನ್ನೆಯ ಆ ಗಂಟಲು ಕೆರೆಯುವ ವಾಸನೆಯ ಮೊದಲ ಎಳೆ ಬಂತು.

“ಸಾಕು, ಇಳಿಸಿ ಅಪ್ಪಯ್ಯಾ.”

“ಬಣ್ಣ ಕಾಣ್. ಇನ್ನೂ ಆಯ್ಲಿಲ್ಲೆ.”

“ಬಣ್ಣ ಬಿಡಿ. ಈಗ ಇಳಿಸಿ.”

ಅವರ ಕೈ ಸೌಟಿನ ಮೇಲೆ ನಿಂತಿತು. ಹುಡುಗನಾಗಿದ್ದಾಗಿನಿಂದ ತನ್ನ ಮೂಗನ್ನು ಬಿಟ್ಟು ಯಾರ ಮಾತನ್ನೂ ಕೇಳದ ಮನುಷ್ಯ. ನಾನಾದರೋ ಹಿಂದೊಮ್ಮೆ ಒಗ್ಗರಣೆಯನ್ನು ಇಂಗಾಲ ಮಾಡಿದವಳು. ಅವರು ನನ್ನ ಮುಖ ನೋಡಿದರು. ಬಾಣಲೆ ಇಳಿಸಿದರು.

ಮಧ್ಯಾಹ್ನ ಸುಬೇದಾರರ ಬಳಗ ಬಂತು. ಬಿಳಿ ಮೀಸೆಗಳು, ಗಟ್ಟಿ ದನಿಗಳು, ಕುರ್ಚಿ ಸಾಲದೆ ಪಕ್ಕದ ಅಂಗಡಿಯಿಂದ ಬೆಂಚು ತರಿಸಿದೆವು. ಅಪ್ಪಯ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಟ್ಟಲುಗಳನ್ನೇ ನೋಡುತ್ತಿದ್ದರು. ಒಂದು ಖಾಲಿಯಾಯಿತು. ಇನ್ನೊಂದು ಖಾಲಿಯಾಯಿತು. ಬಡಿಸುವವರು ಬಕೆಟ್ಟು ತುಂಬಿಸಿಕೊಳ್ಳಲು ಒಳಗೆ ಬಂದರು, ಮತ್ತೆ ಬಂದರು. ಜಾಧವ ಸುಬೇದಾರರು ಬಟ್ಟಲನ್ನು ಎತ್ತಿ ಕುಡಿದು, ಮೀಸೆ ಒರೆಸಿಕೊಂಡು ಬಾಗಿಲಿಗೆ ಬಂದರು.

“ಅಣ್ಣಾ, ಆಜ್ ಸಾಂಬಾರ್ ಪಹಿಲ್ಯಾಸಾರಖಾ ಝಾಲಾ,” ಎಂದರು.

ಇವತ್ತು ಸಾಂಬಾರು ಮೊದಲಿನ ಹಾಗೆ ಆಗಿದೆ. ಅಂದರೆ ಇಷ್ಟು ದಿನ ಆಗಿರಲಿಲ್ಲ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ದಿನವೂ ಬಂದು ಉಂಡು, ಊರೂರಿನ ಗೆಳೆಯರನ್ನೆಲ್ಲ ಇಲ್ಲಿಗೇ ಕರೆತಂದಿದ್ದರು. ಅಪ್ಪಯ್ಯ ಅವರ ಬಟ್ಟಲನ್ನು ತೆಗೆದುಕೊಂಡು ತಾವೇ ತುಂಬಿಸಿ ತಂದರು.

ಇನ್ನು ಅಮ್ಮನಿಂದ ಮುಚ್ಚಿಡುವುದು ಬೇಡ ಎಂದು ಸಂಜೆ ನಾನೇ ಬಾಯಿ ಬಿಟ್ಟೆ. ಅಮ್ಮ ಸೆರಗು ಕೊಡವಿಕೊಂಡು, “ನಂಗೆ ಗೊತ್ತಿಲ್ದೇ ಇರತ್ತಾ?” ಎಂದಳು. ಮಾರನೇ ದಿನವೇ ಅಪ್ಪಯ್ಯನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಜ್ವರದ ನಂತರ ಹೀಗಾಗುವುದುಂಟು, ಕೆಲವರಿಗೆ ಮರಳುತ್ತದೆ, ಪೂರ್ತಿ ಮರಳುತ್ತದೆಂದು ಹೇಳಲಾಗದು, ದಿನವೂ ಲವಂಗ ನಿಂಬೆಯಂಥದ್ದನ್ನು ಗಮನವಿಟ್ಟು ಮೂಸುತ್ತಿರಿ ಎಂದರಂತೆ. ಬಾಗಿಲು ಹಾಕುವ ಮಾತು ನಿಂತಿತು. ಅಮ್ಮ ಗಲ್ಲಾ ಬಿಟ್ಟು ಒಲೆಯ ಮುಂದೆ ಬಂದಳು, ಅಪ್ಪಯ್ಯ ಗಲ್ಲಾದಲ್ಲಿ ಕುಳಿತರು. ಎಷ್ಟು ವರ್ಷಗಳಿಂದ ಈ ಅಡುಗೆಮನೆಗೆ ನುಗ್ಗಲು ಕಾಯುತ್ತಿದ್ದಳೋ, ಮೊದಲ ದಿನವೇ ಡಬ್ಬಿಗಳ ಜಾಗ ಬದಲಿಸಿದಳು. ನಾನು ಸಂಭಾಜಿನಗರಕ್ಕೆ ಮರಳಿದೆ. ದಿನವೂ ಬೆಳಿಗ್ಗೆ ಫೋನು ಮಾಡಿ ಏನಾದರೂ ಬಂತೇ ಎಂದು ಕೇಳುವುದು, ಅವರು ಇಲ್ಲ ಎನ್ನುವುದು. ಲವಂಗ ಇಲ್ಲ, ನಿಂಬೆ ಇಲ್ಲ, ಏಲಕ್ಕಿ ಇಲ್ಲ. ಬೇಸಿಗೆ ಕಳೆದು ಮಳೆಯೂ ಶುರುವಾಯಿತು. ಕೇಳಲು ನನಗೇ ಸಂಕಟವಾಗತೊಡಗಿತ್ತು.

ಕಳೆದ ವಾರ ಫೋನು ಅವರಿಂದಲೇ ಬಂತು. ಮಾತಿನ ಹಿಂದೆ ರಸ್ತೆಯ ಸದ್ದು, ಹಾರ್ನು. ಏದುಸಿರು ಬಿಡುತ್ತಿದ್ದರು. ನಾನು ಹೆದರಿ ಎದ್ದು ನಿಂತೆ.

“ಬಂತ್ ಮಗಾ,” ಎಂದರು. “ರಸ್ತಿ ಬದಿ ಗಟಾರ ಕಟ್ಕಂಡಿತ್. ನಾರ್ತಾ ಇತ್ತ್. ಎಂಥಾ ನಾತ ಅಂತಿ, ನಿಲ್ಲುಕೆ ಆತಿಲ್ಲೆ!”

ನಿಲ್ಲಲು ಆಗದ ಜಾಗದಲ್ಲಿ ಅವರು ನಿಂತೇ ಇದ್ದರು. ನನಗೆ ಅಳುವೋ ನಗುವೋ ಗೊತ್ತಾಗಲಿಲ್ಲ. ಇನ್ನೊಮ್ಮೆ ಎಳೆಯಿರಿ, ಬಾಯಿ ಮುಚ್ಚಿಕೊಂಡು ಎಂದೆ. ಎಳೆದದ್ದು ಫೋನಿನಲ್ಲಿ ಕೇಳಿಸಿತು. ಮತ್ತೆ ಎಳೆದರು. ಕೊಳೆತ ಎಲೆ ಇದೆ, ಸೋಪಿನ ನೀರೂ ಇದೆ ಎಂದು ಒಂದೊಂದನ್ನೇ ಬಿಡಿಸಿ ಹೇಳತೊಡಗಿದರು. ಅಷ್ಟರಲ್ಲಿ ಅಮ್ಮ ಫೋನು ಕಸಿದುಕೊಂಡಳು. ಗಟಾರ ಸ್ವಚ್ಛ ಮಾಡಲು ಜನ ಬಂದು ನಿಂತಿದ್ದಾರಂತೆ. ಅವರಿಗೆಲ್ಲ ಚಹಾ ಕೊಟ್ಟು, ಎರಡು ದಿನ ಬಿಟ್ಟು ಬನ್ನಿ ಎಂದು ಅಪ್ಪಯ್ಯ ಕೈ ಮುಗಿಯುತ್ತಿದ್ದಾರಂತೆ.